ಎಂಟು ಚಿತ್ರಗಳಲ್ಲಿ ನಿಂತ ಕ್ಯಾಮೆರಾ: ಒಂದು ತಪಾಸಣಾ ಸಾಲು ಯುಎಸ್‌ಬಿ 2.0 ಬಿಟ್ಟು 3.0ಕ್ಕೆ ಬಂದ ಪ್ರಕರಣ

ಹಿನ್ನೆಲೆ

ಲೋಹದ ತಗಡನ್ನು ಒತ್ತಿ ವಾಷರ್‌ಗಳನ್ನು ತಯಾರಿಸುವ ಒಂದು ಘಟಕದಲ್ಲಿ, ಬೆಲ್ಟ್‌ನ ಮೇಲೆ ಸಾಗುವ ಪ್ರತಿ ವಾಷರನ್ನೂ ಕ್ಯಾಮೆರಾಗಳಿಂದ ಪರೀಕ್ಷಿಸಿ, ದೋಷವಿದ್ದುದನ್ನು ಗಾಳಿ ಊದಿ ಆಚೆಗೆ ತಳ್ಳುವ ವ್ಯವಸ್ಥೆ ಹಲವು ವರ್ಷಗಳಿಂದ ನಡೆಯುತ್ತಿತ್ತು. ಆ ವ್ಯವಸ್ಥೆಯನ್ನು ಹಳೆಯ ಯುಎಸ್‌ಬಿ ಸಂಪರ್ಕದಿಂದ ಹೊಸದಕ್ಕೆ ಬದಲಿಸಿದ ಕೆಲಸದ ವಿವರ ಇಲ್ಲಿದೆ. ಘಟಕದ ಹೆಸರು, ಸ್ಥಳ ಮತ್ತು ಕ್ಯಾಮೆರಾ ತಯಾರಕರ ಹೆಸರುಗಳನ್ನು ಬಿಟ್ಟಿದ್ದೇವೆ. ಗುರುತು ಸಿಗಬಾರದೆಂದು ಉತ್ಪನ್ನದ ಕೆಲವು ವಿವರಗಳನ್ನೂ ಬದಲಿಸಿದ್ದೇವೆ. ತಾಂತ್ರಿಕ ಸ್ವರೂಪ ಮತ್ತು ತೀರ್ಮಾನಗಳ ಹಿಂದಿನ ತರ್ಕ ಇದ್ದಂತೆಯೇ ಇವೆ.

ಸಾಲಿನಲ್ಲಿ ನಾಲ್ಕು ಕ್ಯಾಮೆರಾಗಳಿದ್ದವು, ನಾಲ್ಕೂ ಯುಎಸ್‌ಬಿ 2.0 ಸಂಪರ್ಕದವು. ಪಾರದರ್ಶಕ ಬೆಲ್ಟ್‌ನ ಮೇಲಿನಿಂದ ಒಂದು, ಕೆಳಗಿನಿಂದ ಒಂದು, ಅಂಚನ್ನು ಓರೆಯಾಗಿ ನೋಡಲು ಒಂದು. ನಾಲ್ಕನೆಯದರ ಕೆಲಸ ವಾಷರ್‌ನ ನಡುವಿನ ತೂತು ಪೂರ್ತಿ ಬಿದ್ದಿದೆಯೇ ಎಂದು ನೋಡುವುದಷ್ಟೇ. ಮೊದಲ ಮೂರರ ಸೆನ್ಸರ್ 1280×1024 ಪಿಕ್ಸೆಲ್‌ಗಳದು. ಚಿತ್ರ ಕಪ್ಪು-ಬಿಳುಪಿನದು, ಪ್ರತಿ ಪಿಕ್ಸೆಲ್‌ಗೆ 8 ಬಿಟ್. ಹೀಗಾಗಿ ಒಂದು ಚಿತ್ರದ ಗಾತ್ರ ಸುಮಾರು 1.31 ಮೆಗಾಬೈಟ್. ಸೆಕೆಂಡಿಗೆ 12 ವಾಷರ್‌ಗಳು ಸಾಗುತ್ತಿದ್ದವು.

2000ನೇ ಇಸವಿಯಲ್ಲಿ ಬಂದ ಯುಎಸ್‌ಬಿ 2.0ರ ವೇಗ ಕಾಗದದ ಮೇಲೆ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಮೆಗಾಬೈಟ್. ಆದರೆ ಅದರಲ್ಲಿ ದತ್ತಾಂಶ ಹೋಗುವುದೂ ಬರುವುದೂ ಒಂದೇ ಜೋಡಿ ತಂತಿಯ ಮೇಲೆ, ಸರದಿಯಂತೆ. ಕ್ಯಾಮೆರಾ ತಾನಾಗಿ ಏನನ್ನೂ ಕಳಿಸುವಂತಿಲ್ಲ. ಕಂಪ್ಯೂಟರ್ ಮತ್ತೆ ಮತ್ತೆ ಕೇಳುತ್ತಿರಬೇಕು, ಕೇಳಿದಾಗಷ್ಟೇ ಕೊಡಬೇಕು. ಈ ಕೇಳುವ-ಹೇಳುವ ವ್ಯವಹಾರಕ್ಕೆ ಹೋಗುವ ಸಮಯವನ್ನು ಕಳೆದರೆ ಚಿತ್ರಕ್ಕೆಂದು ಉಳಿಯುವುದು ಸೆಕೆಂಡಿಗೆ ಹೆಚ್ಚುಕಡಿಮೆ 40 ಮೆಗಾಬೈಟ್. ಆ ಲೆಕ್ಕದಲ್ಲಿ ನಮ್ಮ ಒಂದು ಚಿತ್ರ ದಾಟಲು ಸುಮಾರು 33 ಮಿಲಿಸೆಕೆಂಡ್ ಬೇಕು. ಕಂಪ್ಯೂಟರಿನಲ್ಲಿ ಎರಡು ಯುಎಸ್‌ಬಿ ಕಂಟ್ರೋಲರ್‌ಗಳಿದ್ದು (ಪೋರ್ಟ್‌ಗಳ ದತ್ತಾಂಶವನ್ನು ನಿಭಾಯಿಸುವ ಚಿಪ್‌ಗಳು), ಒಂದರಲ್ಲಿ ಮೇಲಿನ ಮತ್ತು ಕೆಳಗಿನ ಕ್ಯಾಮೆರಾಗಳು, ಇನ್ನೊಂದರಲ್ಲಿ ಅಂಚಿನ ಮತ್ತು ತೂತಿನ ಕ್ಯಾಮೆರಾಗಳು ಇದ್ದವು. ಎರಡು ಚಿತ್ರಗಳು ಒಟ್ಟಿಗೆ ಬಂದರೂ 66 ಮಿಲಿಸೆಕೆಂಡ್ ಸಾಕು. ಒಂದು ವಾಷರ್‌ನಿಂದ ಇನ್ನೊಂದಕ್ಕೆ 83 ಮಿಲಿಸೆಕೆಂಡ್ ಅಂತರವಿತ್ತು. ವ್ಯವಸ್ಥೆ ಅಷ್ಟು ಕಾಲ ತಕರಾರಿಲ್ಲದೆ ನಡೆದದ್ದು ಈ 17 ಮಿಲಿಸೆಕೆಂಡ್‌ಗಳ ಬಿಡುವಿನಿಂದ.

ಎರಡು ಬೇಡಿಕೆಗಳು

ಘಟಕದವರು ಒಟ್ಟಿಗೇ ಎರಡು ಬದಲಾವಣೆಗಳನ್ನು ಕೇಳಿದರು. ಸೆಕೆಂಡಿಗೆ 12 ಇದ್ದುದು 20 ವಾಷರ್‌ಗಳಾಗಬೇಕು, ಮತ್ತು 0.1 ಮಿಲಿಮೀಟರ್ ಅಗಲದ ಗೀರು ತಪ್ಪದೆ ಸಿಕ್ಕಿಬೀಳಬೇಕು. ವೇಗ ಹೆಚ್ಚಿಸಿ ನೋಡಿದಾಗ ಮೇಲಿನ ಮತ್ತು ಕೆಳಗಿನ ಕ್ಯಾಮೆರಾಗಳ ಚಿತ್ರಗಳ ಎಣಿಕೆಗೂ ವಾಷರ್‌ಗಳ ಎಣಿಕೆಗೂ ತಾಳೆಯಾಗಲಿಲ್ಲ. ನಡುನಡುವೆ ಚಿತ್ರಗಳು ಕಾಣೆಯಾಗುತ್ತಿದ್ದವು. ಯುಎಸ್‌ಬಿ ಹಳೆಯದಾಯಿತು, ಎಲ್ಲವನ್ನೂ ಹೊಸದಕ್ಕೆ ಬದಲಿಸೋಣ ಎಂಬ ಮಾತು ಅಲ್ಲಿಂದಲೇ ಹೊರಟಿತು.

ಇಲ್ಲಿ ತಂಡ ತುಸು ತಡೆದು ಲೆಕ್ಕ ಹಾಕಿದ್ದು ಮುಂದಿನ ಎಲ್ಲ ತೀರ್ಮಾನಗಳಿಗೂ ಆಧಾರವಾಯಿತು. ಸೆಕೆಂಡಿಗೆ 20 ಎಂದರೆ ವಾಷರ್‌ಗಳ ನಡುವಿನ ಅಂತರ 50 ಮಿಲಿಸೆಕೆಂಡ್. ಒಂದೇ ಕಂಟ್ರೋಲರ್‌ನಲ್ಲಿದ್ದ ಎರಡು ಕ್ಯಾಮೆರಾಗಳಿಗೆ 66 ಬೇಕು, ಹಾಗಾಗಿ ಚಿತ್ರಗಳು ಬಿಟ್ಟುಹೋಗುವುದು ಸಹಜ. ಆದರೆ ಪ್ರತಿ ಕ್ಯಾಮೆರಾಕ್ಕೂ ಪ್ರತ್ಯೇಕ ಕಂಟ್ರೋಲರ್ ಕೊಟ್ಟರೆ 33 ಮಿಲಿಸೆಕೆಂಡ್‌ನಲ್ಲಿ ಕೆಲಸ ಮುಗಿಯುತ್ತದೆ. ಬೇಕಿದ್ದದ್ದು ವೇಗ ಮಾತ್ರವಾಗಿದ್ದರೆ ಹಳೆಯ ಕ್ಯಾಮೆರಾಗಳನ್ನೇ ಇಟ್ಟುಕೊಂಡು ಒಂದು ಹೆಚ್ಚುವರಿ ಕಾರ್ಡ್ ಹಾಕಿದ್ದರೂ ಸಾಕಾಗುತ್ತಿತ್ತು.

ಅಡ್ಡ ಬಂದದ್ದು ಗೀರು. 60 ಮಿಲಿಮೀಟರ್ ಅಗಲದ ನೋಟವನ್ನು 1280 ಪಿಕ್ಸೆಲ್‌ಗಳಿಗೆ ಹಂಚಿದರೆ ಒಂದೊಂದರ ಪಾಲಿಗೆ 0.047 ಮಿಲಿಮೀಟರ್; 0.1 ಮಿಲಿಮೀಟರ್ ಗೀರು ಎರಡು ಪಿಕ್ಸೆಲ್‌ನಷ್ಟೇ ಅಗಲ ಕಾಣುತ್ತದೆ. ಎಣ್ಣೆಯ ಹೊಳಪು, ತಗಡಿನ ಸಹಜ ಗೆರೆಗಳ ನಡುವೆ ಎರಡು ಪಿಕ್ಸೆಲ್‌ಗಳನ್ನು ನಂಬಿ ತೀರ್ಪು ಕೊಡಲಾಗದು. 2448×2048 ಪಿಕ್ಸೆಲ್‌ಗಳ ಸೆನ್ಸರ್ ಹಾಕಿದರೆ ಅದೇ ಗೀರು ನಾಲ್ಕು ಪಿಕ್ಸೆಲ್‌ಗಳಾಗುತ್ತದೆ, ಜೊತೆಗೆ ಚಿತ್ರದ ಗಾತ್ರ 5.01 ಮೆಗಾಬೈಟ್‌ಗೆ ಏರುತ್ತದೆ. ಅದು ಯುಎಸ್‌ಬಿ 2.0ರಲ್ಲಿ ದಾಟಲು 125 ಮಿಲಿಸೆಕೆಂಡ್ ಬೇಕು, ನಮಗಿದ್ದದ್ದು 50. ಹಳೆಯ ಸಂಪರ್ಕವನ್ನು ಬಿಡಲೇಬೇಕಾದ ಕಾರಣ ಇದೊಂದೇ ಆಗಿತ್ತು, ಮತ್ತು ಆ ಕಾರಣ ಅನ್ವಯಿಸಿದ್ದು ಮೂರು ಕ್ಯಾಮೆರಾಗಳಿಗೆ ಮಾತ್ರ.

2008ರ ನವೆಂಬರ್‌ನಲ್ಲಿ ಪ್ರಕಟವಾದ ಯುಎಸ್‌ಬಿ 3.0 ಹಳೆಯ ಜೋಡಿ ತಂತಿಯನ್ನು ಹಾಗೆಯೇ ಉಳಿಸಿಕೊಂಡು, ಪಕ್ಕದಲ್ಲಿ ಇನ್ನೆರಡು ಜೋಡಿಗಳನ್ನು ಸೇರಿಸಿತು: ಹೋಗಲು ಒಂದು, ಬರಲು ಒಂದು. ವೇಗ ಸೆಕೆಂಡಿಗೆ 5 ಗಿಗಾಬಿಟ್. ಪ್ರತಿ 8 ಬಿಟ್‌ಗೆ 10 ಬಿಟ್ ಕಳಿಸುವ ಸಂಕೇತ ಪದ್ಧತಿಯಿಂದಾಗಿ 500 ಮೆಗಾಬೈಟ್‌ಗೆ ಇಳಿದು, ಕೈಗೆ ಸಿಗುವುದು 350ರಿಂದ 400. ಕಂಪ್ಯೂಟರ್ ಕೇಳುತ್ತಲೇ ಇರಬೇಕಿಲ್ಲ. ಕ್ಯಾಮೆರಾ ತಾನು ಸಿದ್ಧವೆಂದು ತಿಳಿಸಬಲ್ಲದು. ವಿದ್ಯುತ್ ಕೂಡ 500 ಮಿಲಿಆಂಪಿಯರ್‌ನಿಂದ 900ಕ್ಕೆ, ಅಂದರೆ 2.5 ವಾಟ್‌ನಿಂದ 4.5 ವಾಟ್‌ಗೆ ಏರಿತು. ದೊಡ್ಡ ಸೆನ್ಸರ್‌ಗಳ ಕ್ಯಾಮೆರಾಗಳಿಗೆ ಇದು ಸಣ್ಣ ವಿಷಯವಲ್ಲ, ಏಕೆಂದರೆ ಅವುಗಳಲ್ಲಿ ಹಲವು ಹಳೆಯ ಮಿತಿಯೊಳಗೆ ನಿಲ್ಲುವುದೇ ಇಲ್ಲ. ನಮ್ಮ 5.01 ಮೆಗಾಬೈಟ್ ಚಿತ್ರ ಹೊಸ ಸಂಪರ್ಕದಲ್ಲಿ ಸುಮಾರು 13 ಮಿಲಿಸೆಕೆಂಡ್‌ನಲ್ಲಿ ದಾಟಬೇಕಿತ್ತು.

ಮೊದಲ ಪ್ರಯೋಗ ಮತ್ತು ಎಂಟರ ಅಂಕಿ

ಹಳೆಯ ಕೇಬಲ್‌ಗಳು ಐದು ಮೀಟರ್ ಉದ್ದವಿದ್ದು, ಯುಎಸ್‌ಬಿ 2.0 ಒಪ್ಪುವ ಗರಿಷ್ಠ ಉದ್ದವೂ ಅಷ್ಟೇ ಆದ್ದರಿಂದ ಅವುಗಳಿಂದ ತೊಂದರೆ ಆಗಿರಲಿಲ್ಲ. ಹೊಸ ಕ್ಯಾಮೆರಾ ಬಂದಾಗ ಅದೇ ದಾರಿಯಲ್ಲಿ ಮೂರು ಮೀಟರ್ ಕೇಬಲ್‌ಗೆ ಎರಡು ಮೀಟರ್‌ನ ವಿಸ್ತರಣಾ ಕೇಬಲ್ ಜೋಡಿಸಿ ಪ್ರಯೋಗ ನಡೆಸಲಾಯಿತು. ಕಂಪ್ಯೂಟರ್ ಕ್ಯಾಮೆರಾವನ್ನು ಗುರುತಿಸಿತು. ಚಿತ್ರ ಸ್ಫುಟವಾಗಿತ್ತು. ಒಂದೂ ದೋಷದ ಸೂಚನೆ ಇರಲಿಲ್ಲ. ಆದರೆ ಸೆಕೆಂಡಿಗೆ ಎಂಟಕ್ಕಿಂತ ಹೆಚ್ಚು ಚಿತ್ರಗಳು ಬರಲಿಲ್ಲ.

ಸಾಫ್ಟ್‌ವೇರ್ ನಿಧಾನವಿರಬೇಕು ಎಂದು ಕೆಲವರು, ಬೆಳಕು ಸಾಲದೆ ಶಟರ್ ಹೆಚ್ಚು ಹೊತ್ತು ತೆರೆದಿರಬೇಕು ಎಂದು ಇನ್ನು ಕೆಲವರು ಊಹಿಸಿದರು. ಎರಡನ್ನೂ ಪರೀಕ್ಷಿಸಿದರೂ ಎಂಟು ಎಂಟಾಗಿಯೇ ಉಳಿಯಿತು. ಕೊನೆಗೆ ತಂಡದ ಒಬ್ಬ ಎಂಜಿನಿಯರ್ ಆ ಅಂಕಿಯನ್ನೇ ಕೈಗೆತ್ತಿಕೊಂಡು, ಎಂಟನ್ನು 5.01ರಿಂದ ಗುಣಿಸಿದಾಗ ಬಂದದ್ದು 40: ಯುಎಸ್‌ಬಿ 2.0ರಲ್ಲಿ ಕೈಗೆ ಸಿಗುವ ವೇಗ. ಕ್ಯಾಮೆರಾ ಹೊಸದು, ಪೋರ್ಟ್ ಹೊಸದು, ಕೇಬಲ್‌ನ ಮೇಲಿನ ಗುರುತೂ ಹೊಸದರದೇ. ಆದರೆ ಚಿತ್ರ ಬರುತ್ತಿದ್ದದ್ದು ಹಳೆಯ ಜೋಡಿ ತಂತಿಯ ಮೇಲೆ. ಸಾಧನಗಳ ಪಟ್ಟಿಯನ್ನು ತೆರೆದು ನೋಡಿದಾಗ ಕ್ಯಾಮೆರಾದ ಮುಂದೆ 5000 (ಮೆಗಾಬಿಟ್) ಇರಬೇಕಾದಲ್ಲಿ 480 ಎಂದಿತ್ತು.

ಕಾರಣ ಕೇಬಲ್‌ನ ಒಳಗಿದೆ. 5 ಗಿಗಾಬಿಟ್ ಸಂಕೇತದ ಮೂಲ ಆವರ್ತನ 2.5 ಗಿಗಾಹರ್ಟ್ಜ್‌ವರೆಗೆ ಹೋಗುತ್ತದೆ. ಆವರ್ತನ ಏರಿದಂತೆ ತಾಮ್ರದ ತಂತಿಯಲ್ಲಿ ಸಂಕೇತ ಹೆಚ್ಚು ಕ್ಷೀಣಿಸುತ್ತದೆ, ಪ್ರತಿ ಜೋಡಣೆಯಲ್ಲೂ ಅದರ ಒಂದು ಭಾಗ ಹಿಂದಕ್ಕೆ ಪ್ರತಿಫಲಿಸುತ್ತದೆ. ಸಾಮಾನ್ಯ ತಾಮ್ರದ ಕೇಬಲ್‌ನಲ್ಲಿ ಮೂರು ಮೀಟರ್ ದಾಟಿದರೆ ಭರವಸೆ ಕಡಿಮೆಯಾಗುತ್ತದೆ. ವೇಗದ ಜೋಡಿಗಳಲ್ಲಿ ಸಂಪರ್ಕ ಕುದುರದಿದ್ದಾಗ, ಹಳೆಯ ಜೋಡಿಯಿಂದಲೂ ನಡೆಯಬಲ್ಲ ಕ್ಯಾಮೆರಾಗಳು ಸದ್ದಿಲ್ಲದೆ ಅದಕ್ಕೆ ಇಳಿಯುತ್ತವೆ. ಮನೆಯ ಬಳಕೆಗೆ ಇದು ಉಪಕಾರ. ತಪಾಸಣಾ ಸಾಲಿಗೆ ಮಾತ್ರ ಅಪಾಯ ಎನ್ನುವುದು ನಮ್ಮ ಅಭಿಪ್ರಾಯ, ಏಕೆಂದರೆ ಪೂರ್ತಿ ಕೆಟ್ಟುನಿಂತ ಕ್ಯಾಮೆರಾ ಎಲ್ಲರಿಗೂ ಕಾಣುತ್ತದೆ, ಅರ್ಧ ಕೆಲಸ ಮಾಡುವ ಕ್ಯಾಮೆರಾ ಯಾರಿಗೂ ಕಾಣುವುದಿಲ್ಲ.

ಮುಂದಿದ್ದ ದಾರಿಗಳು ಎರಡು. ಒಳಗೇ ಸಂಕೇತವನ್ನು ಬಲಪಡಿಸುವ ಸಕ್ರಿಯ ಕೇಬಲ್ ಹಾಕುವುದು ಒಂದು. ಕಂಪ್ಯೂಟರನ್ನೇ ಕ್ಯಾಮೆರಾಗಳ ಹತ್ತಿರಕ್ಕೆ ತರುವುದು ಇನ್ನೊಂದು. ಕೆಳಗಿನ ಕ್ಯಾಮೆರಾದ ಕೇಬಲ್ ಚಲಿಸುವ ಸರಪಳಿಯೊಳಗೆ ಮಡಚುತ್ತಾ ಬಿಚ್ಚುತ್ತಾ ಇರುವಂಥದ್ದು. ಅಲ್ಲಿ ಎಲೆಕ್ಟ್ರಾನಿಕ್ ಭಾಗವಿರುವ ಕೇಬಲ್ ಹಾಕಿದರೆ ಕೆಡಲು ಇನ್ನೊಂದು ಜಾಗ ಸೃಷ್ಟಿಸಿದಂತೆ ಎಂದು ತಂಡ ಭಾವಿಸಿತು. ಕಂಪ್ಯೂಟರಿನ ಪೆಟ್ಟಿಗೆಯನ್ನು ಸರಿಸಿ, ಜೋಡಣೆಯಿಲ್ಲದ ಮೂರು ಮೀಟರ್ ಕೇಬಲ್‌ಗಳನ್ನು ಹಾಕಲಾಯಿತು; ಸರಪಳಿಯೊಳಗಿನದಕ್ಕೆ ಪದೇಪದೇ ಬಾಗುವುದಕ್ಕೆಂದೇ ತಯಾರಾದ ಕೇಬಲ್ ಆರಿಸಲಾಯಿತು. ಪಟ್ಟಿಯಲ್ಲಿ 5000 ಕಾಣಿಸಿತು, ಸೆಕೆಂಡಿಗೆ 20 ಚಿತ್ರಗಳೂ ಬಂದವು.

ಪ್ರಯೋಗಕ್ಕೆ ಬಳಸಿದ್ದ ಕೇಬಲ್‌ನಲ್ಲಿ ಸ್ಕ್ರೂಗಳಿರಲಿಲ್ಲ; ಒತ್ತು ಯಂತ್ರದ ಕಂಪನಕ್ಕೆ ಕನೆಕ್ಟರ್ ಕೂದಲೆಳೆಯಷ್ಟು ಅಲುಗಿದರೂ ಕ್ಯಾಮೆರಾ ಕ್ಷಣಕಾಲ ಮಾಯವಾಗುತ್ತಿತ್ತು. ಹೊಸದರಲ್ಲಿ ಕನೆಕ್ಟರ್‌ನ ಎರಡೂ ಪಕ್ಕ ಸ್ಕ್ರೂಗಳಿವೆ. 2013ರಲ್ಲಿ ಬಂದ, ಕೈಗಾರಿಕಾ ಕ್ಯಾಮೆರಾಗಳಿಗೆಂದೇ ಇರುವ ಯುಎಸ್‌ಬಿ3 ವಿಷನ್ ಮಾನದಂಡ ಇಂಥ ಬಿಗಿಯುವ ಕನೆಕ್ಟರನ್ನೂ ವಿವರಿಸಿದೆ. ಅದೇ ಮಾನದಂಡದಿಂದ ಇನ್ನೊಂದು ಲಾಭವೂ ಆಯಿತು. ಹಳೆಯ ಕ್ಯಾಮೆರಾಗಳು ತಯಾರಕರದೇ ಡ್ರೈವರ್‌ಗೆ ಕಟ್ಟುಬಿದ್ದಿದ್ದವು. ಹೊಸವು ಕ್ಯಾಮೆರಾದ ಸೆಟ್ಟಿಂಗ್‌ಗಳಿಗೆ ಎಲ್ಲ ತಯಾರಕರೂ ಬಳಸುವ ಜೆನಿಕ್ಯಾಮ್ ಪದ್ಧತಿಯ ಸಾಮಾನ್ಯ ಹೆಸರುಗಳನ್ನೇ ಬಳಸುವುದರಿಂದ, ತಯಾರಕರು ಬದಲಾದರೂ ತಪಾಸಣಾ ಸಾಫ್ಟ್‌ವೇರನ್ನು ಬುಡದಿಂದ ಬರೆಯಬೇಕಿಲ್ಲ.

ಎರಡನೆಯ ಕ್ಯಾಮೆರಾ ಜೋಡಿಸಿದಾಗ

ಒಂದು ಕ್ಯಾಮೆರಾ ಸರಾಗವಾಗಿ ನಡೆಯುತ್ತಿದ್ದ ಕಂಪ್ಯೂಟರಿನಲ್ಲಿ ಎರಡನೆಯದನ್ನು ಆರಂಭಿಸಿದೊಡನೆ ಚಿತ್ರ ಪಡೆಯುವ ಕ್ರಿಯೆಯೇ ವಿಫಲವಾಯಿತು. ಕೇಬಲ್‌ನ ಅನುಭವ ಹೊಸದಾಗಿದ್ದರಿಂದ ಎಲ್ಲರ ಗಮನವೂ ಮೊದಲು ಕೇಬಲ್‌ನತ್ತಲೇ ಹೋಯಿತು. ಆದರೆ ಎರಡೂ ಕ್ಯಾಮೆರಾಗಳ ಮುಂದೆ 5000 ಇತ್ತು. ಯಾವುದನ್ನು ಒಂಟಿಯಾಗಿ ನಡೆಸಿದರೂ ತೊಂದರೆಯಿರಲಿಲ್ಲ. ಆ ಕಂಪ್ಯೂಟರಿನ ಲಿನಕ್ಸ್ ವ್ಯವಸ್ಥೆ ಯುಎಸ್‌ಬಿ ವರ್ಗಾವಣೆಗೆಂದು ಎಲ್ಲ ಸಾಧನಗಳಿಗೂ ಸೇರಿಸಿ ಮೀಸಲಿಡುವ ಸ್ಮೃತಿ, ಬದಲಿಸದಿದ್ದರೆ, 16 ಮೆಗಾಬೈಟ್. ಒಂದು ಕ್ಯಾಮೆರಾದ ಮೂರು ಚಿತ್ರಗಳಿಗೆ ಜಾಗ ಕಾದಿರಿಸಿದರೆ 15 ಮೆಗಾಬೈಟ್ ಆಗಿಬಿಡುತ್ತದೆ, ಎರಡನೆಯದಕ್ಕೆ ಜಾಗ ಉಳಿಯುವುದಿಲ್ಲ. ಚಿಕ್ಕ ಚಿತ್ರಗಳ ಕಾಲದಲ್ಲಿ ಈ ಮಿತಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದನ್ನು 1000ಕ್ಕೆ ಏರಿಸಿ, ಕಂಪ್ಯೂಟರ್ ಹೊಸದಾಗಿ ಆರಂಭವಾದಾಗಲೂ ಉಳಿಯುವಂತೆ ಮಾಡಿದ ಮೇಲೆ ಮೂರೂ ಕ್ಯಾಮೆರಾಗಳು ಒಟ್ಟಿಗೆ ನಡೆದವು.

ಚಿತ್ರಗಳೆಲ್ಲ ಬಂದರೂ ದೋಷದ ವಾಷರ್ ತಪ್ಪಿಸಿಕೊಂಡದ್ದು

ಈ ಹಂತದಲ್ಲಿ ಎಣಿಕೆಗಳು ಸರಿಯಾಗಿ ತಾಳೆಯಾಗುತ್ತಿದ್ದವು. ಒಂದು ಚಿತ್ರವೂ ಕಾಣೆಯಾಗುತ್ತಿರಲಿಲ್ಲ. ಆದರೂ ಅಪರೂಪಕ್ಕೊಮ್ಮೆ, ಸಾಫ್ಟ್‌ವೇರ್ ದೋಷವೆಂದು ಗುರುತಿಸಿದ್ದ ವಾಷರ್ ಒಳ್ಳೆಯವುಗಳ ಪೆಟ್ಟಿಗೆಯಲ್ಲಿ ಬಿದ್ದಿರುತ್ತಿತ್ತು. ಇಡೀ ಕೆಲಸದಲ್ಲಿ ಬಿಡಿಸಲು ಅತ್ಯಂತ ಕಷ್ಟವಾದದ್ದು, ಮತ್ತು ಇತರರಿಗೆ ಅತ್ಯಂತ ಉಪಯುಕ್ತವಾಗಬಹುದಾದದ್ದು ಇದೇ ಭಾಗ.

ಬೆಲ್ಟ್‌ನ ವೇಗ ಸೆಕೆಂಡಿಗೆ 1.2 ಮೀಟರ್. ಕೊನೆಯ ಕ್ಯಾಮೆರಾದಿಂದ ಗಾಳಿ ಊದುವ ಕೊಳವೆಗೆ 180 ಮಿಲಿಮೀಟರ್ ದೂರ, ಅಂದರೆ 150 ಮಿಲಿಸೆಕೆಂಡ್ ಸಮಯ. ಚಿತ್ರದ ವಿಶ್ಲೇಷಣೆ ಕೆಲವೊಮ್ಮೆ 60, ಕಷ್ಟದ ಮೇಲ್ಮೈಯಾದರೆ 90 ಮಿಲಿಸೆಕೆಂಡ್ ಹಿಡಿಯುತ್ತಿತ್ತು. ವಾಲ್ವ್ ತೆರೆದು ಗಾಳಿ ತಲುಪಲು 20. ಚಿತ್ರ ಬರಲು 13 ಮಿಲಿಸೆಕೆಂಡ್ ಆದರೆ ಒಟ್ಟು 123, ಬೇಕಾದಷ್ಟು ಬಿಡುವಿದೆ. ಆದರೆ ಕಂಪ್ಯೂಟರಿನ ಹಿಂಬದಿಯಲ್ಲಿದ್ದ ಪೋರ್ಟ್‌ಗಳೆಲ್ಲ ಒಳಗೆ ಒಂದೇ ಕಂಟ್ರೋಲರ್‌ಗೆ ಸೇರಿದ್ದವು. ಮೂರು ಕ್ಯಾಮೆರಾಗಳು ಒಟ್ಟಿಗೆ ಚಿತ್ರ ತೆಗೆದ ಕ್ಷಣದಲ್ಲಿ ಆ ಒಂದೇ ದಾರಿಯನ್ನು ಮೂರೂ ಹಂಚಿಕೊಳ್ಳಬೇಕಾಗಿ, ಕೊನೆಯ ಚಿತ್ರ ಪೂರ್ತಿಯಾಗುವ ಹೊತ್ತಿಗೆ 39 ಮಿಲಿಸೆಕೆಂಡ್ ಆಗುತ್ತಿತ್ತು. 39ಕ್ಕೆ 90, ಅದಕ್ಕೆ 20 ಕೂಡಿಸಿದರೆ 149. ಅಲ್ಲಿಂದ ಮುಂದೆ ಒಂದೆರಡು ಮಿಲಿಸೆಕೆಂಡ್ ವ್ಯತ್ಯಾಸವಾದರೂ ಗಾಳಿ ಊದುವಷ್ಟರಲ್ಲಿ ವಾಷರ್ ಮುಂದೆ ಹೋಗಿರುತ್ತದೆ.

ಯುಎಸ್‌ಬಿಯಲ್ಲಿ ಈ ಕ್ಯಾಮೆರಾಗಳು ಬಳಸುವ ಬಲ್ಕ್ ವರ್ಗಾವಣೆಯ ಗುಣವೇ ಇದು: ದತ್ತಾಂಶ ಕೆಟ್ಟರೆ ಮತ್ತೆ ಕಳಿಸಿ ಸರಿಯಾಗಿ ತಲುಪಿಸುವ ಏರ್ಪಾಡು ಅದರಲ್ಲಿದೆ, ಇಂಥ ಹೊತ್ತಿಗೇ ತಲುಪಿಸುತ್ತೇನೆಂಬ ಖಾತರಿ ಇಲ್ಲ. ಹಳೆಯದರಲ್ಲೂ ಹಾಗೆಯೇ, ಹೊಸದರಲ್ಲೂ ಹಾಗೆಯೇ. ಸೆಕೆಂಡಿಗೆ ಇಷ್ಟು ಮೆಗಾಬೈಟ್ ಎಂಬ ಸರಾಸರಿಯಿಂದ ಈ ತೊಡಕು ಕಾಣುವುದಿಲ್ಲ. ಮೂರು ಕ್ಯಾಮೆರಾಗಳ ಒಟ್ಟು ಹರಿವು ಸೆಕೆಂಡಿಗೆ 300 ಮೆಗಾಬೈಟ್, ಕಂಟ್ರೋಲರ್‌ನ ಮಿತಿಯೊಳಗೇ ಇತ್ತು.

ಮೊದಲು ನೋಡಿದ್ದು ಕ್ಯಾಮೆರಾಗಳಲ್ಲೇ ಇರುವ ವೇಗಮಿತಿಯ ಸೌಲಭ್ಯವನ್ನು. ಪ್ರತಿಯೊಂದನ್ನೂ 120 ಮೆಗಾಬೈಟ್‌ಗೆ ಕಟ್ಟಿಹಾಕಿದರೆ ಜಗಳವಿಲ್ಲದೆ ಮೂರೂ ಹರಿಯುತ್ತವೆ. ಚಿತ್ರಗಳು ಬಿಟ್ಟುಹೋಗುತ್ತಿದ್ದರೆ ಅದು ಒಳ್ಳೆಯ ಮದ್ದು. ಇಲ್ಲಿ ಮಾತ್ರ ಪ್ರತಿ ಚಿತ್ರವೂ 42 ಮಿಲಿಸೆಕೆಂಡ್ ತೆಗೆದುಕೊಂಡು ಒಟ್ಟು 152ಕ್ಕೆ ಹೋಯಿತು; ಅಪರೂಪಕ್ಕೆ ಆಗುತ್ತಿದ್ದ ತಪ್ಪು ಕಷ್ಟದ ಮೇಲ್ಮೈಗಳಲ್ಲೆಲ್ಲ ಆಗತೊಡಗಿತು. ಹೀಗಾಗಿ ನಾಲ್ಕು ಪೋರ್ಟ್‌ಗಳಿಗೆ ನಾಲ್ಕು ಸ್ವತಂತ್ರ ಕಂಟ್ರೋಲರ್‌ಗಳಿರುವ ಕಾರ್ಡ್ ಹಾಕುವ ತೀರ್ಮಾನವಾಯಿತು. ಅಂಥ ಕಾರ್ಡ್ ಕೊಳ್ಳುವಾಗ ಪೋರ್ಟ್‌ಗಳನ್ನಲ್ಲ, ಕಂಟ್ರೋಲರ್‌ಗಳನ್ನು ಎಣಿಸಬೇಕು. ನಾಲ್ಕು ಪೋರ್ಟ್, ಒಂದೇ ಕಂಟ್ರೋಲರ್ ಇರುವ ಕಾರ್ಡ್‌ಗಳೂ ಹೊರನೋಟಕ್ಕೆ ಹಾಗೆಯೇ ಇರುತ್ತವೆ. ಕಾರ್ಡ್ ಬಂದ ಮೇಲೆ ಮೂರು ಚಿತ್ರಗಳೂ 13 ಮಿಲಿಸೆಕೆಂಡ್‌ನ ಆಸುಪಾಸಿನಲ್ಲೇ ಬಂದು, ದೋಷದ ವಾಷರ್‌ಗಳು ತಪ್ಪಿಸಿಕೊಳ್ಳುವುದು ನಿಂತಿತು.

ವೈರ್‌ಲೆಸ್ ಸ್ಕ್ಯಾನರ್‌ನ ದೂರು

ಇದೇ ವೇಳೆಗೆ, ಪಕ್ಕದಲ್ಲಿ ಪೆಟ್ಟಿಗೆಗಳ ಬಾರ್‌ಕೋಡ್ ಓದುವವರು ತಮ್ಮ ವೈರ್‌ಲೆಸ್ ಸ್ಕ್ಯಾನರ್ ಆಗಾಗ ಸಂಪರ್ಕ ಕಳೆದುಕೊಳ್ಳುತ್ತಿದೆ ಎಂದರು. ಕ್ಯಾಮೆರಾಗಳಿಗೂ ಅದಕ್ಕೂ ಸಂಬಂಧವಿರಬಹುದೆಂದು ಯಾರಿಗೂ ತೋಚಿರಲಿಲ್ಲ. ಆದರೆ ಸಾಲು ನಿಂತಾಗ ಸ್ಕ್ಯಾನರ್ ಸರಿಯಾಗುತ್ತಿತ್ತು. ಯುಎಸ್‌ಬಿ 3.0ರ ವೇಗದ ಸಂಕೇತ 2.4 ಗಿಗಾಹರ್ಟ್ಜ್ ಪಟ್ಟಿಯಲ್ಲಿ ರೇಡಿಯೋ ಗದ್ದಲ ಎಬ್ಬಿಸುತ್ತದೆ ಎಂಬುದನ್ನು ಇಂಟೆಲ್ 2012ರಲ್ಲೇ ಪ್ರಕಟಿಸಿತ್ತು. ಸ್ಕ್ಯಾನರ್ ನಡೆಯುತ್ತಿದ್ದದ್ದು ಅದೇ ಪಟ್ಟಿಯಲ್ಲಿ, ಅದರ ರಿಸೀವರ್ ಕೂತಿದ್ದದ್ದು ಕ್ಯಾಮೆರಾದ ಪೋರ್ಟ್‌ನ ಪಕ್ಕದಲ್ಲೇ. ರಿಸೀವರನ್ನು ಯುಎಸ್‌ಬಿ 2.0 ವಿಸ್ತರಣಾ ಕೇಬಲ್‌ನಿಂದ ದೂರ ತಂದಾಗ ದೂರು ಮುಗಿಯಿತು.

ನಾಲ್ಕನೆಯ ಕ್ಯಾಮೆರಾ ಹಳೆಯದಾಗಿಯೇ ಉಳಿದದ್ದು

ತೂತು ನೋಡುವ ಕ್ಯಾಮೆರಾವನ್ನೂ ಬದಲಿಸಬೇಕೆಂಬ ಒತ್ತಾಯವಿತ್ತು. ಎಲ್ಲ ಒಂದೇ ಬಗೆಯದಾದರೆ ಬಿಡಿಭಾಗಗಳನ್ನು ಇಟ್ಟುಕೊಳ್ಳುವುದು ಸುಲಭ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಆ ಕ್ಯಾಮೆರಾ ಕಳಿಸುವುದು 640×200 ಪಿಕ್ಸೆಲ್‌ಗಳ ಪಟ್ಟಿಯನ್ನಷ್ಟೇ: ಸೆಕೆಂಡಿಗೆ 20 ಚಿತ್ರಗಳಾದರೂ 2.6 ಮೆಗಾಬೈಟ್ ದಾಟುವುದಿಲ್ಲ, ಒಂದು ಚಿತ್ರಕ್ಕೆ ಮೂರು ಮಿಲಿಸೆಕೆಂಡ್ ಸಾಕು. ಕಂಪ್ಯೂಟರ್ ಸರಿದಾಗ ಅದರಿಂದ ಐದು ಮೀಟರ್ ದೂರ ಉಳಿದದ್ದೂ ಇದೇ ಕ್ಯಾಮೆರಾ. ಹೊಸ ಸಂಪರ್ಕದಿಂದ ಅದಕ್ಕೆ ಬರುವ ಲಾಭ ಏನೂ ಇರಲಿಲ್ಲ. ಕೇಬಲ್‌ನ ಚಿಂತೆ ಮಾತ್ರ ಹೊಸದಾಗಿ ಬರುತ್ತಿತ್ತು. ಅದನ್ನು ಹಾಗೆಯೇ ಬಿಟ್ಟದ್ದು ಸರಿಯಾದ ತೀರ್ಮಾನವೆಂದು ಈಗಲೂ ನಂಬುತ್ತೇವೆ.

ಆ ಕ್ಯಾಮೆರಾವನ್ನು ಹೊಸ ಪೋರ್ಟ್‌ಗೆ ಚುಚ್ಚಿದರೆ ವೇಗ ಹೆಚ್ಚೀತೇ ಎಂದು ಕೇಳಿದವರಿದ್ದರು. ಹೆಚ್ಚುವುದಿಲ್ಲ. ಒಂದು ಪೋರ್ಟನ್ನು ಹಲವಾಗಿಸುವ 3.0 ಹಬ್‌ನೊಳಗೂ ಹಳೆಯ ಜೋಡಿಗೂ ಹೊಸ ಜೋಡಿಗಳಿಗೂ ಬೇರೆಬೇರೆ ದಾರಿಗಳೇ ಇವೆ. ಎರಡು ಹಳೆಯ ಕ್ಯಾಮೆರಾಗಳನ್ನು ಹೊಸ ಹಬ್‌ಗೆ ಹಾಕಿದರೂ ಅವು ಹಳೆಯ 480 ಮೆಗಾಬಿಟ್‌ಗಳನ್ನೇ ಹಂಚಿಕೊಳ್ಳುತ್ತವೆ.

ಈಗ ಪಾಲಿಸುತ್ತಿರುವ ಕ್ರಮ

ಘಟಕದಲ್ಲಿ ಕೆಲವು ಪದ್ಧತಿಗಳು ನೆಲೆಗೊಂಡಿವೆ. ಸಾಲು ಆರಂಭವಾದಾಗಲೆಲ್ಲ ಸಾಫ್ಟ್‌ವೇರ್ ಪ್ರತಿ ಕ್ಯಾಮೆರಾದ ಸಂಪರ್ಕ ವೇಗವನ್ನು ಕೇಳಿ, ನಿರೀಕ್ಷಿತ ವೇಗವಿಲ್ಲದಿದ್ದರೆ ಬೆಲ್ಟ್ ಓಡಲು ಬಿಡುವುದಿಲ್ಲ. ಒಂದು ಚಿತ್ರವೂ ಬರುವ ಮೊದಲೇ ಇದು ಗೊತ್ತಾಗುವುದರಿಂದ, ಸವೆದ ಕೇಬಲ್ ತನ್ನ ಸುದ್ದಿಯನ್ನು ತಾನೇ ಕೊಡುತ್ತದೆ. ಪ್ರತಿ ಚಿತ್ರ ಪೂರ್ತಿಯಾಗಿ ತಲುಪಿದ ಸಮಯವನ್ನೂ ದಾಖಲಿಸಲಾಗುತ್ತದೆ, ಸರಾಸರಿಯನ್ನಲ್ಲ, ಅತಿ ತಡವಾದುದನ್ನು. ಕೊಳ್ಳುವ ವಿಭಾಗಕ್ಕೆ ಕೊಡುವ ಚೀಟಿಯಲ್ಲಿ ಯುಎಸ್‌ಬಿ 3 ಎಂದಷ್ಟೇ ಬರೆಯದೆ, 5 ಗಿಗಾಬಿಟ್, ಉದ್ದ, ಸ್ಕ್ರೂ ಇವುಗಳನ್ನು ಬಿಡಿಸಿ ಬರೆಯುತ್ತಾರೆ. ಇದು ಅತಿಯಾದ ಎಚ್ಚರವೇನಲ್ಲ: ಅದೇ 5 ಗಿಗಾಬಿಟ್ ಸಂಪರ್ಕ ಮೊದಲು 3.0, ಆಮೇಲೆ 3.1 ಜೆನ್ 1, ಮತ್ತೆ 3.2 ಜೆನ್ 1 ಎಂದು ಹೆಸರು ಬದಲಿಸಿಕೊಂಡಿದೆ, ಮತ್ತು ಟೈಪ್-ಸಿ ಆಕಾರದ ಕೇಬಲ್‌ಗಳಲ್ಲಿ ಹಳೆಯ ಜೋಡಿ ತಂತಿ ಮಾತ್ರ ಇರುವಂಥವೂ ಸಿಗುತ್ತವೆ.

ಈಗ ಎರಡನೆಯ ಸಾಲಿನ ಯೋಜನೆ ನಡೆದಿದೆ. ಅಲ್ಲಿ ಕಂಪ್ಯೂಟರನ್ನು ಹತ್ತಿರ ತರಲು ಜಾಗವಿಲ್ಲ. ಕ್ಯಾಮೆರಾಗಳಿಂದ ಅದು 12 ಮೀಟರ್ ದೂರ ಇರಬೇಕು. ಮೊದಲ ಸಾಲಿನಲ್ಲಿ ಚೆನ್ನಾಗಿ ನಡೆದದ್ದೆಂಬ ಕಾರಣಕ್ಕೆ ಅಲ್ಲೂ ಯುಎಸ್‌ಬಿಯನ್ನೇ ಹಿಡಿದುಕೊಳ್ಳಬಾರದೆಂದು ತಂಡ ಸಲಹೆ ನೀಡಿದೆ. ನೂರು ಮೀಟರ್‌ವರೆಗೆ ಹೋಗಬಲ್ಲ ಗಿಗಾಬಿಟ್ ಈಥರ್‌ನೆಟ್ ಕ್ಯಾಮೆರಾಗಳಲ್ಲಿ ಕೈಗೆ ಸಿಗುವ ವೇಗ ಸುಮಾರು 115 ಮೆಗಾಬೈಟ್. ಪ್ರತಿ ಕ್ಯಾಮೆರಾಕ್ಕೂ ಬೇರೆ ಕೇಬಲ್ ಇದ್ದರೆ ಒಂದು ಚಿತ್ರ 44 ಮಿಲಿಸೆಕೆಂಡ್‌ನಲ್ಲಿ ದಾಟುತ್ತದೆ. ಅದಕ್ಕೆ 90, 20 ಸೇರಿ 154. 180 ಮಿಲಿಮೀಟರ್ ದೂರದ ಕೊಳವೆಗೆ ಇದು ಹೊಂದುವುದಿಲ್ಲ. ಆದ್ದರಿಂದ ಆ ಸಾಲಿನ ನಕ್ಷೆಯಲ್ಲಿ ಕೊಳವೆಯನ್ನು ಕೊನೆಯ ಕ್ಯಾಮೆರಾದಿಂದ 300 ಮಿಲಿಮೀಟರ್ ಆಚೆಗೆ ಗುರುತಿಸಿ, 250 ಮಿಲಿಸೆಕೆಂಡ್ ಸಮಯ ಸಿಗುವಂತೆ ಮಾಡಲಾಗಿದೆ.